ಟಿಬಿ ಮಾತ್ರೆ ಕೊಟ್ಟಿರಿ, ಮಲ ಪರೀಕ್ಷೆ ಯಾರು ಮಾಡಬೇಕು ಸ್ವಾಮಿ?

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ಈ ಪತ್ರವನ್ನು ನಾಲ್ಕು ತಿಂಗಳ ಹಿಂದೆಯೇ ಬರೆಯಬೇಕಿತ್ತು. ಅವ್ವನ ಬಟ್ಟೆ ಒಗೆಯುವುದರಲ್ಲೇ ಹೊತ್ತು ಹೋಯಿತು.

ಅವ್ವನಿಗೆ ಟಿಬಿ. ಆರು ತಿಂಗಳ ಮಾತ್ರೆ ನಿಮಗೆ ಗೊತ್ತೇ ಇದೆ: ಮೊದಲ 2 ತಿಂಗಳು ನಾಲ್ಕು ಔಷಧ, ಆಮೇಲೆ 4 ತಿಂಗಳು ಮೂರು. ಅವ್ವ ಒಂದು ದಿನವೂ ತಪ್ಪಿಸಲಿಲ್ಲ. ತಪ್ಪಿಸಿದರೆ ಮಾತ್ರೆಗೆ ಬಗ್ಗದ ಟಿಬಿ ಬರುತ್ತೆ ಅಂತ ಹೇಳಿದ್ದರಲ್ಲ.

ನಾಲ್ಕನೇ ತಿಂಗಳು ಭೇದಿ ಶುರುವಾಯಿತು. ದಿನಕ್ಕೆ ಹದಿನೈದು ಸಲ. "ಮಾತ್ರೆ ಹೀಟು, ಮಜ್ಜಿಗೆ ಕುಡಿಸಿ" ಅಂದರು ಟಿಬಿ ಸಿಬ್ಬಂದಿ. ಮುಂದಿನ ವಾರ ಭೇದಿ ಕಟ್ಟುವ ಮಾತ್ರೆ ಕೊಟ್ಟರು. ಹೊಟ್ಟೆ ಉಬ್ಬಿತು, ಜ್ವರ ಏರಿತು. ಆಮೇಲೆ ಇನ್ನೊಂದು ಆಂಟಿಬಯಾಟಿಕ್! ಉರಿಯುವ ಒಲೆಗೆ ಇನ್ನೊಂದು ಕೊಳ್ಳಿ.

ಬಸ್ಸಿನಲ್ಲಿ ಎರಡು ತಾಸು ಕೂರಿಸಿಕೊಂಡು ದೊಡ್ಡಾಸ್ಪತ್ರೆಗೆ ಹೋದೆ. ಅವ್ವ ಹಳೇ ಸೀರೆ ಮಡಚಿ ಅದರ ಮೇಲೆ ಕೂತಿದ್ದಳು. ದಾರಿಯುದ್ದಕ್ಕೂ ತಲೆ ಎತ್ತಲಿಲ್ಲ. ಲ್ಯಾಬಿನಲ್ಲಿ ಮಲ ಪರೀಕ್ಷೆ ಮಾಡಿ ಅಂದರೆ ಕಫದ ಡಬ್ಬಿ ಕೊಟ್ಟರು. "ಟಿಬಿ ಪೇಷಂಟ್ ತಾನೇ?" ಅಂತ ನನ್ನನ್ನೇ ಕೇಳಿದರು. ಜಗಳ ಆಡಿದ ಮೇಲೆ ಮಲ ತಗೊಂಡರು. ರಿಪೋರ್ಟು: ಹುಳ ಇಲ್ಲ, ನಾರ್ಮಲ್. ನಾರ್ಮಲ್ ಅಂತೆ! ಅವ್ವ ಅಲ್ಲೇ ಬೆಂಚಿನ ಮೇಲೆ ಬಿದ್ದಿದ್ದಳು.

ಕೊನೆಗೆ ಸಾಲ ಮಾಡಿ ಖಾಸಗಿಗೆ ಹೋದೆ. ಅಲ್ಲಿ ಮಲದಲ್ಲಿ ಬ್ಯಾಕ್ಟೀರಿಯಾ ಬಿಡುವ ವಿಷ ಇದೆಯಾ ಅಂತ ನೋಡುವ ಬೇರೆ ಪರೀಕ್ಷೆ ಮಾಡಿದರು. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾ. ಆಂಟಿಬಯಾಟಿಕ್ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾನೂ ಕೊಂದಾಗ ಇದು ಬೆಳೆಯುತ್ತೆ. ಅಪರೂಪಕ್ಕೆ ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಅನ್ನುವ ಆಂಟಿಬಯಾಟಿಕ್‌ನಿಂದಲೂ ಆಗುತ್ತೆ. ಡಾಕ್ಟರು ಟಿಬಿ ಮಾತ್ರೆ ಸ್ವಲ್ಪ ದಿನ ನಿಲ್ಲಿಸಿ, ಈ ಬ್ಯಾಕ್ಟೀರಿಯಾ ಕೊಲ್ಲುವ ವ್ಯಾಂಕೋಮೈಸಿನ್ ಅನ್ನುವ ಔಷಧ ಕೊಟ್ಟರು. ಸೂಜಿಯಲ್ಲಿ ರಕ್ತಕ್ಕೆ ಕೊಟ್ಟರೆ ಕರುಳಿಗೆ ಸಾಕಷ್ಟು ತಲುಪಲ್ಲವಂತೆ. ಇಂಜೆಕ್ಷನ್ ಪುಡಿಯನ್ನೇ ನೀರಿಗೆ ಹಾಕಿ ದಿನಕ್ಕೆ ನಾಲ್ಕು ಸಲ ಕುಡಿಸಿದರು. 10 ದಿನ. ನನಗೆ ಸ್ಯಾನಿಟೈಸರ್ ನಂಬಬೇಡ, ಸೋಪು ನೀರಲ್ಲೇ ಕೈ ತೊಳಿ ಅಂದರು. ಆ ಬ್ಯಾಕ್ಟೀರಿಯಾದ ಗಟ್ಟಿ ಚಿಪ್ಪಿನ ಬೀಜಾಣು ಸ್ಯಾನಿಟೈಸರಿನ ಆಲ್ಕೋಹಾಲಿಗೆ ಸಾಯಲ್ಲ. ಇಷ್ಟನ್ನು ಮೊದಲೇ ಯಾರಾದರೂ ಹೇಳಿದ್ದರೆ ಏನು ಹೋಗುತ್ತಿತ್ತು?

ಪೌಷ್ಟಿಕ ಆಹಾರಕ್ಕೆ ಅಂತ ತಿಂಗಳಿಗೆ 1,000 ರೂಪಾಯಿ ಬಂತು, ಸುಳ್ಳು ಹೇಳಲ್ಲ. ಮೊಟ್ಟೆ ತಂದೆ. ಹೊಟ್ಟೆಯಲ್ಲಿ ನಿಂತರೆ ತಾನೇ?

ನಾನು ಕೇಳುವುದು ಜಾಸ್ತಿ ಇಲ್ಲ. ಪ್ರತಿ ಜಿಲ್ಲಾಸ್ಪತ್ರೆಯಲ್ಲೂ ಈ ಮಲ ಪರೀಕ್ಷೆ ಬೇಕು, ಬಿಟ್ಟಿಯಾಗಿ. ಟಿಬಿ ಮಾತ್ರೆ ನುಂಗುವವರಿಗೆ ದಿನಕ್ಕೆ ಮೂರು ಸಲಕ್ಕಿಂತ ಜಾಸ್ತಿ ಭೇದಿಯಾದರೆ ಮಜ್ಜಿಗೆ ಅನ್ನದೆ ಡಾಕ್ಟರ ಹತ್ತಿರ ಕಳಿಸಿ ಅಂತ ಎಲ್ಲ ಟಿಬಿ ಸಿಬ್ಬಂದಿಗೂ ಬರೆದು ಕೊಡಿ. ಮಾತ್ರೆ ಬಿಡಬೇಡಿ ಅಂತ ಹೇಳುವವರಿಗೆ ಮಾತ್ರೆಯಿಂದ ಏನಾಗಬಹುದು ಅಂತಲೂ ಗೊತ್ತಿರಬೇಕು, ಅಲ್ವಾ?

ಮತ್ತೆ ಹೇಳುತ್ತೇನೆ: ಮಲ ಪರೀಕ್ಷೆ. ಜಿಲ್ಲಾಸ್ಪತ್ರೆಯಲ್ಲಿ. ಬಿಟ್ಟಿಯಾಗಿ. ಉತ್ತರ ಬರೆಯುವಾಗ ದಯವಿಟ್ಟು "ಪರಿಶೀಲಿಸಲಾಗುವುದು" ಅಂತ ಬರೆಯಬೇಡಿ.

ಇಂತಿ,
ಟಿಬಿ ರೋಗಿಯೊಬ್ಬಳ ಮಗ