ಫೋಲಿಕ್ ಆಮ್ಲದ ಮಾತ್ರೆ ಗರ್ಭ ನಿಲ್ಲುವ ಮೊದಲೇ ತಲುಪಲಿ

ಮಾನ್ಯ ಸಂಪಾದಕರೇ,

ಗರ್ಭಿಣಿಯರಿಗೆ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ವಿತರಿಸುವ ಕೆಲಸ ನಮ್ಮ ರಾಜ್ಯದಲ್ಲಿ ಬಹುಕಾಲದಿಂದ ನಡೆದುಬಂದಿದೆ; ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತಾಯಿ ಕಾರ್ಡ್ ಮಾಡಿಸುವ ಶ್ರಮವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮುಂದೆ ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರಕೊಳವೆಯು ಗರ್ಭಾಂಕುರವಾದ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಮುಟ್ಟು ನಿಂತದ್ದು ಖಚಿತವಾಗಿ, ಹಿರಿಯರಿಗೆ ತಿಳಿಸಿ, ಆರೋಗ್ಯ ಕೇಂದ್ರದಲ್ಲಿ ಹೆಸರು ಬರೆಸುವ ವೇಳೆಗೆ ಆ ಗಡುವು ಬಹುಪಾಲು ಕಳೆದೇ ಹೋಗಿರುತ್ತದೆ. ಈ ಕೊಳವೆ ಸರಿಯಾಗಿ ಮುಚ್ಚದ ನರಕೊಳವೆ ದೋಷವಿದ್ದ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರಿಗೆ ಗರ್ಭಧಾರಣೆಗೆ ಮೊದಲಿನಿಂದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಕೊಟ್ಟಾಗ ಅದು ಮರುಕಳಿಸುವ ಸಂಭವ ಶೇ 72ರಷ್ಟು ತಗ್ಗಿತೆಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 1991ರಲ್ಲೇ ತೋರಿಸಿತ್ತು.

ಇದರ ಜೊತೆಗೆ ನಮ್ಮಲ್ಲಿ ಚರ್ಚೆಗೇ ಬಾರದ ಇನ್ನೊಂದು ಸಂಗತಿ ದೇಹದ ತೂಕ. ಮೈಕೈ ತುಂಬಿಕೊಂಡ ಸೊಸೆಗೆ ಪೋಷಣೆಯ ಕೊರತೆ ಇರಲಾರದು ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಆಳವಾಗಿ ಬೇರೂರಿದೆ. ವಾಸ್ತವವಾಗಿ, ಒಂದೇ ಪ್ರಮಾಣದ ಫೋಲಿಕ್ ಆಮ್ಲ ಸೇವಿಸಿದರೂ ತೂಕ ಹೆಚ್ಚಿರುವವರ ರಕ್ತದ್ರವದಲ್ಲಿ ಫೋಲೇಟ್ (ಫೋಲಿಕ್ ಆಮ್ಲದ ರೂಪದಲ್ಲಿ ಮಾತ್ರೆಯಲ್ಲಿ ಸಿಗುವ ಜೀವಸತ್ವ) ಮಟ್ಟ ಕಡಿಮೆ ಕಂಡುಬರುತ್ತದೆ. ಬೊಜ್ಜು ಇರುವ ತಾಯಂದಿರ ಮಕ್ಕಳಲ್ಲಿ ನರಕೊಳವೆ ದೋಷದ ಅಪಾಯವೂ ಹೆಚ್ಚು. ಇದಕ್ಕೆ ಫೋಲೇಟ್ ಒಂದೇ ಕಾರಣವಲ್ಲ, ಪತ್ತೆಯಾಗದೆ ಉಳಿದ ಮಧುಮೇಹವೂ ಸೇರಿಕೊಂಡಿರಬಹುದು. ಹೀಗಾಗಿ ಬ್ರಿಟನ್ನಿನ ಪ್ರಸೂತಿ ತಜ್ಞರ ಕಾಲೇಜು 2018ರ ಮಾರ್ಗಸೂಚಿಯಲ್ಲಿ, ದೇಹತೂಕ ಸೂಚ್ಯಂಕ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ಅಥವಾ ಅದಕ್ಕಿಂತ ಹೆಚ್ಚಿರುವವರಿಗೆ ಸಾಮಾನ್ಯವಾದ 400 ಮೈಕ್ರೋಗ್ರಾಂ ಬದಲು 5 ಮಿಲಿಗ್ರಾಂ ಸಲಹೆ ಮಾಡಿತ್ತು. 155 ಸೆಂ.ಮೀ. ಎತ್ತರದ ಹೆಣ್ಣುಮಗಳು ಸುಮಾರು 72 ಕೆ.ಜಿ. ತೂಗಿದರೆ ಆ ಮಿತಿ ತಲುಪಿದಂತೆಯೇ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ 30ರಷ್ಟು ಮಂದಿಗೆ ಅಧಿಕ ತೂಕ ಅಥವಾ ಬೊಜ್ಜು ಇದೆ. ಅದೇ ವಯಸ್ಸಿನ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದಾರೆ. ತೂಕವೂ ಕೊರತೆಯೂ ಒಂದೇ ದೇಹದಲ್ಲಿರಬಹುದು ಎಂಬುದನ್ನು ನಾವು ಇನ್ನಾದರೂ ಒಪ್ಪಬೇಕಾಗಿದೆ.

ಹಾಗೆಂದು ಯಾರೂ ತಾವಾಗಿಯೇ ಔಷಧದಂಗಡಿಯಿಂದ 5 ಮಿಲಿಗ್ರಾಂ ಮಾತ್ರೆ ತಂದು ನುಂಗಬಾರದು. ಹೆಚ್ಚಿನ ಪ್ರಮಾಣದ ಫೋಲಿಕ್ ಆಮ್ಲವು ಬಿ12 ಜೀವಸತ್ವದ ಕೊರತೆಯ ರಕ್ತಹೀನತೆಯನ್ನು ಮರೆಮಾಚಿ ನರಗಳಿಗೆ ಆಗುವ ಹಾನಿಯನ್ನು ಮುಂದುವರಿಯಗೊಡಬಹುದು. ಸಸ್ಯಾಹಾರಿಗಳು ಬಹಳ ಮಂದಿ ಇರುವ ನಮ್ಮಲ್ಲಿ ಇದು ಸಣ್ಣ ಮಾತಲ್ಲ. ಊಟದ ವಿಷಯದಲ್ಲಿ ಹೊಸದಾಗಿ ಕಲಿಯಬೇಕಾದದ್ದು ಕಡಿಮೆ. ಹೆಸರುಕಾಳು, ಅಲಸಂದೆ, ಕಡಲೆ, ಪಾಲಕ್, ದಂಟು, ಮೆಂತ್ಯ ಸೊಪ್ಪುಗಳಲ್ಲಿ ಫೋಲೇಟ್ ಇದೆ. ಬೇಯಿಸುವಾಗ ಅದು ನೀರಿಗಿಳಿಯುವುದರಿಂದ, ಸೊಪ್ಪು ಬಸಿದ ಕಟ್ಟನ್ನೇ ಸಾರಿಗೆ ಬಳಸುವ ಬಸ್ಸಾರಿನ ಪದ್ಧತಿ ಬಹಳ ಒಳ್ಳೆಯದು. ಆದರೆ ಗರ್ಭಧಾರಣೆಗೆ ಮುಂಚಿನ ಅಗತ್ಯಕ್ಕೆ ಊಟವನ್ನೊಂದನ್ನೇ ನೆಚ್ಚಿಕೊಳ್ಳಲಾಗದು, ಮಾತ್ರೆಯೂ ಬೇಕು.

ಹೊಸ ಜೋಡಿಯ ಹೆಸರನ್ನು ಆಶಾ ಕಾರ್ಯಕರ್ತೆ ಅರ್ಹ ದಂಪತಿಗಳ ವಹಿಯಲ್ಲಿ ದಾಖಲಿಸುವ ದಿನವೇ ಹೆಣ್ಣುಮಗಳ ಎತ್ತರ ಮತ್ತು ತೂಕ ಅಳೆದು, ಮಗು ಬೇಕೆನ್ನುವವರಿಗೆ 400 ಮೈಕ್ರೋಗ್ರಾಂ ಮಾತ್ರೆ ಕೊಟ್ಟು, ತೂಕ ಹೆಚ್ಚಿರುವವರನ್ನು ಬಿ12 ಮತ್ತು ಸಕ್ಕರೆ ಪರೀಕ್ಷೆಗಾಗಿ ವೈದ್ಯರ ಬಳಿಗೆ ಕಳುಹಿಸುವ ಕ್ರಮವನ್ನು ಆರೋಗ್ಯ ಇಲಾಖೆ ಜಾರಿಗೆ ತರಬೇಕೆಂದು ಕೋರುತ್ತೇನೆ. ಆಗ ದಪ್ಪಗಿರುವವರನ್ನು ಹೀಯಾಳಿಸುವ ಒಂದು ಮಾತೂ ಯಾರ ಬಾಯಿಂದಲೂ ಬರದಂತೆ ತರಬೇತಿಯಲ್ಲೇ ತಿಳಿಹೇಳಬೇಕು. ಒಮ್ಮೆ ಅವಮಾನಗೊಂಡು ಮರಳಿದ ಹೆಣ್ಣುಮಗಳು ಮತ್ತೆ ಆ ಕೇಂದ್ರಕ್ಕೆ ಬರುವುದು ಕಷ್ಟ.

— ನಿವೃತ್ತ ಆರೋಗ್ಯ ಸಹಾಯಕಿ, ಹಾಸನ ಜಿಲ್ಲೆ