ತರಗತಿಗೆ ಪತ್ರಿಕೆಯನ್ನು ತಂದವರಿಗೆ ಕೃತಜ್ಞತೆ

ತಮ್ಮ ಹೆಸರನ್ನು ಪ್ರಕಟಿಸಬಾರದೆಂದು ಕೇಳಿಕೊಂಡಿರುವ ಹಿರಿಯ ಸಹೋದ್ಯೋಗಿಯೊಬ್ಬರಿಗೆ ಈ ಬರಹದ ಮೂಲಕ ಹೃತ್ಪೂರ್ವಕ ಧನ್ಯವಾದಗಳನ್ನು ಸಲ್ಲಿಸುತ್ತಿದ್ದೇನೆ. ಪತ್ರಿಕೆಯನ್ನು ಗಟ್ಟಿಯಾಗಿ ಓದಿಸಿದ ಮಾತ್ರಕ್ಕೆ ಚರ್ಚೆ ಹುಟ್ಟದೆಂದು ತಿಳಿಸಿ, ಒಂದೇ ಘಟನೆಯ ಬಗ್ಗೆ ಎರಡು ಪತ್ರಿಕೆಗಳಲ್ಲಿ ಬಂದ ವರದಿಗಳನ್ನು ಅಕ್ಕಪಕ್ಕದಲ್ಲಿರಿಸಿ, ಯಾವ ಸಂಗತಿ ಶೀರ್ಷಿಕೆಗೆ ಏರಿದೆ, ಯಾವುದು ಕೊನೆಯ ಪ್ಯಾರಾಕ್ಕೆ ಸರಿದಿದೆ, ಯಾರ ಮಾತನ್ನು ಕೇಳಿಯೇ ಇಲ್ಲ ಎಂಬುದನ್ನು ವಿದ್ಯಾರ್ಥಿಗಳಿಂದಲೇ ಹುಡುಕಿಸುವ ಕ್ರಮವನ್ನು ಅವರು ತೋರಿಸಿಕೊಟ್ಟರು. ಸುದ್ದಿಬರಹದಲ್ಲಿ ಸಾಮಾನ್ಯವಾಗಿ ಮುಖ್ಯಾಂಶ ಮೊದಲು ಬಂದು, ಕಡಿಮೆ ಮಹತ್ವದ ವಿವರಗಳು ಕೆಳಗೆ ಉಳಿಯುವುದರಿಂದ, ಈ ಹುಡುಕಾಟವೇ ಸಂಪಾದಕರ ಆಯ್ಕೆಗಳನ್ನು ಬಯಲಿಗೆ ತರುತ್ತದೆ. ಶೀರ್ಷಿಕೆಯನ್ನು ಕತ್ತರಿಸಿ ತೆಗೆದು, ವರದಿಯನ್ನು ಓದಿದ ಬಳಿಕ ಹೊಸದೊಂದನ್ನು ಬರೆಯಿಸುವ ಅಭ್ಯಾಸವೂ ಅವರದೇ. ಎಂದೂ ಬಾಯಿಬಿಡದ ಮಕ್ಕಳು ಮಾತಿಗಿಳಿದದ್ದು (ಪಠ್ಯಪುಸ್ತಕಕ್ಕೆ ಈ ಭಾಗ್ಯ ಅಪರೂಪ) ತಮ್ಮ ಶೀರ್ಷಿಕೆಯನ್ನು ಸಮರ್ಥಿಸಿಕೊಳ್ಳುವಾಗ. ವರದಿಗೂ ಸಂಪಾದಕೀಯಕ್ಕೂ ಇರುವ ವ್ಯತ್ಯಾಸವನ್ನು ಮಕ್ಕಳು ಬಳಿಕ ತಾವಾಗಿಯೇ ಗುರುತಿಸತೊಡಗಿದರು. ಚರ್ಚೆಯ ನಡುವೆ ಶಿಕ್ಷಕರು ಸ್ವಂತ ಅಭಿಪ್ರಾಯವನ್ನು ತಡೆಹಿಡಿಯಬೇಕೆಂಬ ಸಲಹೆ ಪಾಲಿಸಲು ಬಹಳ ಕಷ್ಟವೆನಿಸಿದರೂ, ಹೆಚ್ಚು ಫಲ ಕೊಟ್ಟದ್ದು ಅದೇ. ತಮ್ಮ ಬಿಡುವಿನ ವೇಳೆಯ ಜೊತೆಗೆ ಹಳೆಯ ಪತ್ರಿಕೆಗಳ ಕಟ್ಟನ್ನೂ ಒದಗಿಸಿದ ಆ ಹಿರಿಯರಿಗೆ ನಾನೂ ನನ್ನ ವಿದ್ಯಾರ್ಥಿಗಳೂ ಋಣಿಯಾಗಿದ್ದೇವೆ.