‘ಚೆನ್ನಾಗಿದ್ದೇನೆ’ ಅನ್ನುವುದನ್ನು ಸ್ವಲ್ಪ ದಿನ ಬಿಡು

ಪ್ರೀತಿಯ ಮಗಳೇ,

ನಿನ್ನ ಮೆಸೇಜು ರಾತ್ರಿ ಹನ್ನೊಂದಕ್ಕೆ ಬಂದಿತ್ತು, ನಾನು ನೋಡಿದ್ದು ಬೆಳಿಗ್ಗೆ. ಕೆಲಸ ಹೋಗಿ ಮೂರು ತಿಂಗಳಾಯಿತು, ಬೆಂಗಳೂರಿನ ಚರ್ಚಿನ ಸಭೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ, ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲ ಹತ್ತಿರ ‘ಹೇಗಿದ್ದೀಯಮ್ಮಾ’ ಅಂದವರಿಗೆಲ್ಲ ‘ಕರ್ತನ ಕೃಪೆ, ಚೆನ್ನಾಗಿದ್ದೇನೆ’ ಅಂತ ಹೇಳಿ ಆಟೋ ಹತ್ತುತ್ತೇನೆ ಅಂತ ಬರೆದಿದ್ದೀಯ. ಅಲ್ಲಿರುವವರೆಲ್ಲ ನಾಟಕದವರು, ಇನ್ನು ಮೇಲೆ ಹೋಗಲ್ಲ ಅಂತಲೂ ಬರೆದಿದ್ದೀಯ. ಆ ನಾಟಕದಲ್ಲಿ ನಿನಗೂ ಒಂದು ಪಾರ್ಟ್ ಇದೆ ಅಲ್ವಾ? ಬೈಯುತ್ತಿಲ್ಲ ಮಗಳೇ. ನಿನ್ನ ಈ ದೊಡ್ಡಮ್ಮ ನಲವತ್ತು ವರ್ಷ ಅದೇ ಪಾರ್ಟ್ ಮಾಡಿದವಳು.

ನಮ್ಮಲ್ಲಿ ಇದು ಹಳೆಯ ಅಭ್ಯಾಸ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್‌ನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಅವರ ಸಭೆಗೆ ಸೇರಿದವರಲ್ಲಿ ಎಷ್ಟೋ ಜನ ಮನೆ, ನೆಂಟರು, ಕಸುಬು ಎಲ್ಲ ಕಳೆದುಕೊಂಡರು. ಹೊಟ್ಟೆಪಾಡು ನಡೆಯಬೇಕಲ್ಲ, ಅದಕ್ಕೇ ಮಿಶನ್‌ನವರು ಮಗ್ಗ ಹಾಕಿಸಿದರು, ಆಮೇಲೆ 1865ರಲ್ಲಿ ಹಂಚಿನ ಕಾರ್ಖಾನೆ ಬಂತು. ಕೂಲಿ ಕೊಡುವವರೂ ಅವರೇ, ಭಾನುವಾರ ಪ್ರಸಂಗ ಮಾಡುವವರೂ ಅವರ ಕಡೆಯವರೇ. ಹಾಗಿರುವಾಗ ಪಾದ್ರಿಗಳ ಮುಂದೆ ಯಾರು ತಾನೇ ‘ನಿನ್ನೆ ಕುಡಿದೆ, ಹೆಂಡತಿಗೆ ಹೊಡೆದೆ’ ಅಂತ ಬಾಯಿ ಬಿಡುತ್ತಾರೆ? ಭಾನುವಾರಕ್ಕೆ ಅಂತ ಒಂದು ಮುಖ ಇಟ್ಟುಕೊಳ್ಳುವುದು ಅಲ್ಲಿಂದಲೇ ಶುರುವಾಗಿರಬೇಕು ಅಂತ ನನ್ನ ಲೆಕ್ಕ. ಹೀಗೆ ಹೇಳಿದರೆ ನಿನ್ನ ದೊಡ್ಡಪ್ಪನಿಗೆ ಸಿಟ್ಟು ಬರುತ್ತದೆ.

ಅವರ ಕಥೆ ಕೇಳು. ಒಂದು ವರ್ಷ ಬೆಳೆ ಹಬ್ಬದಲ್ಲಿ, ಸಭೆಗೆ ಬಂದ ಕಾಣಿಕೆಗಳ ಏಲಂನಲ್ಲಿ ಒಂದು ಸಿಹಿಗುಂಬಳ ಬಂತು, ತೂಗಿದರೆ ನಾಲ್ಕು ಕಿಲೋ ಇರಬಹುದು. ಹಿಂದಿನ ಬೆಂಚಿನವರು ಐನೂರು ಅಂದರು, ಇವರು ಏಳುನೂರು ಅಂದರು, ಹೀಗೇ ಏರಿ ಏರಿ ಸಾವಿರದ ಎಂಟುನೂರಕ್ಕೆ ಅದು ನಮ್ಮ ಮನೆಗೆ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆ ತಿಂಗಳು ದಿನಸಿ ಅಂಗಡಿಯ ಬಾಕಿ ಇನ್ನೂ ಕೊಟ್ಟಿರಲಿಲ್ಲ. ಒಂದು ವಾರ ಕುಂಬಳಕಾಯಿ ಹುಳಿ, ಕುಂಬಳಕಾಯಿ ಪಲ್ಯ, ಕುಂಬಳಕಾಯಿ ದೋಸೆ. ಪ್ರತಿ ಊಟಕ್ಕೂ ನನಗೆ ಬೈಬಲಿನ ಗಂಡ ಹೆಂಡತಿ ಅನನೀಯ ಸಪ್ಫೈರರ ನೆನಪು. ಸಭೆಗೆ ಕೊಡಲು ಹೊಲ ಮಾರಲೇಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಬಂದ ಹಣದಲ್ಲಿ ಒಂದಷ್ಟು ಇಟ್ಟುಕೊಂಡದ್ದೂ ತಪ್ಪಲ್ಲ. ಒಂದಷ್ಟು ಮಾತ್ರ ತಂದು ‘ಇಷ್ಟೇ, ಪೂರ್ತಿ ಕೊಟ್ಟೆವು’ ಅಂದರಲ್ಲ, ಅದು.

ಆದರೆ ನಿನ್ನ ದೊಡ್ಡಪ್ಪನದು ಸಣ್ಣ ತಪ್ಪು, ಒಂದು ಕುಂಬಳಕಾಯಿಗೆ ಮುಗಿಯಿತು. ನನ್ನದು ಹಾಗಲ್ಲ.

ನಮ್ಮ ಸಭೆಯಲ್ಲಿ ಒಬ್ಬಳು ಇದ್ದಾಳೆ, ನನಗಿಂತ ಹತ್ತು ವರ್ಷ ಚಿಕ್ಕವಳು. ಗಂಡ ಗಲ್ಫ್‌ನಿಂದ ಕೆಲಸ ಬಿಟ್ಟು ವಾಪಸು ಬಂದಿದ್ದ, ಬಂಗಾರ ಅಡವಿಟ್ಟಾಗಿತ್ತು. ನಮ್ಮ ಅಡುಗೆಮನೆಯಲ್ಲಿ ಬಸಳೆ ಸೋಸುತ್ತಾ ನನ್ನ ಹತ್ತಿರ ಹೇಳಿಕೊಂಡಳು. ನಾನೇನು ಮಾಡಿದೆ ಗೊತ್ತಾ? ಬುಧವಾರ ಹೆಂಗಸರ ಪ್ರಾರ್ಥನಾ ಕೂಟದಲ್ಲಿ, ಧ್ವನಿ ತಗ್ಗಿಸಿ, ‘ಆ ಮನೆಗೋಸ್ಕರ ಪ್ರಾರ್ಥಿಸಬೇಕು, ತುಂಬಾ ಕಷ್ಟದಲ್ಲಿದ್ದಾರೆ, ಬಂಗಾರ ಕೂಡ ಇಲ್ಲ’ ಅಂದೆ. ಚಾಡಿ ಹೇಳಿದ ಹಾಗೆ ಅನ್ನಿಸಲೇ ಇಲ್ಲ, ಭಕ್ತಿ ಅಂತಲೇ ಅನ್ನಿಸಿತು. ಭಾನುವಾರದ ಹೊತ್ತಿಗೆ ಇಡೀ ಸಭೆಗೆ ಸುದ್ದಿ.

ನಮ್ಮ ಆರಾಧನೆಯಲ್ಲಿ ಒಬ್ಬರಿಗೊಬ್ಬರು ಕೈ ಹಿಡಿದು ಸಮಾಧಾನ ಕೊಡುವುದು ಇದೆಯಲ್ಲ, ನಮ್ಮ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) 1950ರಲ್ಲಿ ತಂದ ಕ್ರಮದಲ್ಲೇ ಅದು ಬಂದದ್ದು. ನನ್ನ ಬಲಗೈ ಅವಳ ಬಲಗೈಗೆ ತಾಗಿ, ಇಬ್ಬರ ಎಡಗೈಯೂ ಮೇಲೆ ಮುಚ್ಚಬೇಕು. ಆ ಭಾನುವಾರ ನಾನು ಕೈ ಚಾಚಿದೆ. ಅವಳು ದೂರದಿಂದಲೇ ಕೈ ಮುಗಿದು ಆ ಕಡೆ ತಿರುಗಿದಳು. ನನ್ನ ಕೈ ಹಾಗೇ ಗಾಳಿಯಲ್ಲಿ. ಆಮೇಲೆ ಅದೇ ಕೈಯಲ್ಲಿ ಕರ್ತನ ಭೋಜನದ ರೊಟ್ಟಿ ತೆಗೆದುಕೊಂಡೆ. ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಸಹೋದರನ ಹತ್ತಿರ ಹೋಗು ಅಂತ ಬೈಬಲಿನ ಮತ್ತಾಯದಲ್ಲಿ ಇದೆ, ಬಾಯಿಪಾಠ ಬರುತ್ತಿತ್ತು, ಆದರೂ ಹೋಗಲಿಲ್ಲ. ಐದು ವಾರ ಹೋಗಲಿಲ್ಲ.

ಕೊನೆಗೆ ಒಂದು ಸೋಮವಾರ ಅವಳ ಮನೆಗೆ ಹೋದೆ. ‘ನಿನ್ನನ್ನು ಕೇಳದೆ ಹೇಳಿಬಿಟ್ಟೆ, ತಪ್ಪಾಯಿತು’ ಅಂದೆ. ‘ಒಳ್ಳೆಯದಕ್ಕೇ ಹೇಳಿದ್ದು’ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿದೆ. ಅವಳು ಚಾ ಇಟ್ಟಳು, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದಳು: ‘ದೇವರಿಗೆ ಹೇಳಿದ್ರೆ ನಂಗೇನೂ ಬೇಜಾರಿರ್ಲಿಲ್ಲ ಅಕ್ಕ. ನೀವು ಹದಿನೆಂಟು ಜನಕ್ಕೆ ಹೇಳಿದ್ರಿ.’ ಎಣಿಸಿಟ್ಟುಕೊಂಡಿದ್ದಳು ನೋಡು. ಒಂದೇ ಚಾದಲ್ಲಿ ಎಲ್ಲ ಸರಿಹೋಯಿತು ಅಂತ ಹೇಳಲ್ಲ. ಒಂದು ವರ್ಷವೇ ಹಿಡಿಯಿತು. ಈಗ ನನ್ನ ಬಿಪಿ ಎಷ್ಟಿದೆ ಅಂತ ನಿನ್ನ ದೊಡ್ಡಪ್ಪನಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತದೆ.

ಅದಕ್ಕೇ ಹೇಳುತ್ತೇನೆ, ಆರಾಧನೆಯಲ್ಲಿ ತಮ್ಮ ಅನುಭವ ಹೇಳಿಕೊಳ್ಳುವ ‘ಸಾಕ್ಷಿ’ಯ ಸಮಯದಲ್ಲಿ ಎದ್ದು ನಿಂತು ಎಲ್ಲವನ್ನೂ ಸುರಿಯಬೇಡ. ಅದು ಪ್ರಾಮಾಣಿಕತೆ ಅಂತ ಈಗಿನ ಯುವಕರ ಕೂಟದವರು ಹೇಳುತ್ತಾರೆ, ನನಗೆ ಒಪ್ಪಿಗೆ ಇಲ್ಲ. ಅತ್ತು ಮುಗಿಸಿದ ಮೇಲೆ ನಿನ್ನ ಸಂಕಟವನ್ನು ಜೋಪಾನ ಮಾಡುವವರು ಯಾರು? ಒಬ್ಬರು ಸಾಕು. ಆರಾಧನೆ ಮುಗಿದ ಮೇಲೆ ಕೀರ್ತನೆ ಪುಸ್ತಕ ಜೋಡಿಸುವ ಆಂಟಿ ಬಗ್ಗೆ ನೀನು ಒಂದು ಸಲ ಬರೆದಿದ್ದೆ, ‘ಯಾಕೆ ಸೊರಗಿದ್ದೀ’ ಅಂತ ಒಂದೇ ಸಲ ಕೇಳಿ, ನೀನು ತಪ್ಪಿಸಿಕೊಂಡ ಮೇಲೆ ಮತ್ತೆ ಕೇಳಲಿಲ್ಲ ಅಂತ. ಕೆದಕದೆ ಸುಮ್ನಿದ್ದವರು ಅವರು. ಮುಂದಿನ ಭಾನುವಾರ ಬೇಗ ಆಟೋ ಹತ್ತಬೇಡ, ಅವರ ಜೊತೆ ನಾಲ್ಕು ಪುಸ್ತಕ ಜೋಡಿಸು. ಹೇಳಬೇಕು ಅನ್ನಿಸಿದರೆ ‘ಕೆಲಸ ಹೋಗಿದೆ, ಇನ್ನೂ ಯಾರಿಗೂ ಹೇಳಬೇಡಿ’ ಅಂತ ನೇರ ಹೇಳು. ಅನ್ನಿಸದಿದ್ದರೆ ಪುಸ್ತಕ ಜೋಡಿಸಿ ಬಾ.

ಇನ್ನೊಂದು ವಿಷಯ. ನಿನ್ನೆ ನಿನ್ನ ಅಮ್ಮ ಫೋನ್ ಮಾಡಿದ್ದಳು, ‘ಅವಳ ಆಫೀಸು ಹೇಗೆ ನಡೀತಿದೆಯಂತೆ, ನಿನಗೇನಾದ್ರೂ ಹೇಳಿದ್ಲಾ’ ಅಂತ ಕೇಳಿದಳು. ‘ಅವಳನ್ನೇ ಕೇಳೇ’ ಅಂದು ಮಾತು ತಿರುಗಿಸಿದೆ. ಈ ಸಲ ನಾನು ಯಾರಿಗೂ ಹೇಳಿಲ್ಲ. ಆದರೆ ಅವಳು ನನ್ನ ತಂಗಿ, ಜಾಸ್ತಿ ದಿನ ತಿರುಗಿಸಲು ಆಗಲ್ಲ. ಇವತ್ತು ರಾತ್ರಿ ಊಟ ಆದ ಮೇಲೆ ಅವಳಿಗೆ ಫೋನ್ ಮಾಡು.

ನಿನ್ನ ದೊಡ್ಡಮ್ಮ